ಮನೆಯ ಡೆಸ್ಕ್‌ಟಾಪ್‌ಗೆ ಜೊತೆಯಾಗಿ ಒಂದು ಸಾದಾ ಲ್ಯಾಪ್‌ಟಾಪ್: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ನನ್ನ ಅಕ್ಕನದು. ಪುಸ್ತಕಗಳ ಪುಟ ವಿನ್ಯಾಸ ಅವಳ ಕೆಲಸ, ಮನೆಯಲ್ಲೇ ಕೂತು ಮಾಡುತ್ತಾಳೆ. ಅವಳ ಡೆಸ್ಕ್‌ಟಾಪ್ ಗಟ್ಟಿಮುಟ್ಟಾದದ್ದು. ಎಂಟು ಕೋರ್‌ಗಳ ಪ್ರೊಸೆಸರ್, 32 ಜಿಬಿ ರ‍್ಯಾಮ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ಎರಡು ಮಾನಿಟರ್. ಅದರಲ್ಲಿ ಒಂದು ಮಾನಿಟರ್ ಬಣ್ಣ ಸರಿಯಾಗಿ ತೋರಿಸುವಂಥದ್ದು, ಮುಖಪುಟದ ಕೆಲಸಕ್ಕೆ ಅಂತಲೇ ತೆಗೆದುಕೊಂಡದ್ದು. ಆ ಯಂತ್ರದ ಬಗ್ಗೆ ಅವಳಿಗೆ ಯಾವ ತಕರಾರೂ ಇರಲಿಲ್ಲ. ಆದರೆ ಅಪ್ಪನಿಗೆ ಸೊಂಟದ ಆಪರೇಷನ್ ಆಯಿತು. ಹಗಲೆಲ್ಲ ಯಾರಾದರೂ ಅವರ ಕೋಣೆಯಲ್ಲಿ ಇರಲೇಬೇಕಾಯಿತು. ಡೆಸ್ಕ್‌ಟಾಪ್ ಇರುವುದು ಮಹಡಿಯ ಮೇಲಿನ ಕೋಣೆಯಲ್ಲಿ.

‘ನಂಗೊಂದು ಲ್ಯಾಪ್‌ಟಾಪ್ ನೋಡಿಕೊಡೋ, ಡೆಸ್ಕ್‌ಟಾಪ್‌ನಷ್ಟೇ ಜೋರಾಗಿರಲಿ’ ಅಂದಳು.

ಹೀಗೆ ಕೇಳುವವರೇ ಜಾಸ್ತಿ. ಇರುವ ಯಂತ್ರದ ಅಳತೆಯಲ್ಲೇ ಹೊಸದನ್ನೂ ನೋಡುವುದು ಸಹಜ. ಆದರೆ ಮನೆಯಲ್ಲಿ ಒಂದು ಒಳ್ಳೆಯ ಡೆಸ್ಕ್‌ಟಾಪ್ ಆಗಲೇ ಕೆಲಸ ಮಾಡುತ್ತಿರುವಾಗ, ಲ್ಯಾಪ್‌ಟಾಪ್ ಅದು ಮಾಡುವ ಕೆಲಸವನ್ನೇ ಇನ್ನೊಮ್ಮೆ ಮಾಡಬೇಕಾಗಿಲ್ಲ. ಡೆಸ್ಕ್‌ಟಾಪ್‌ಗೆ ಆಗದ ಕೆಲಸ ಯಾವುದೋ, ಅದನ್ನು ಚೆನ್ನಾಗಿ ಮಾಡಿದರೆ ಸಾಕು. ನನ್ನ ಇಡೀ ಸಲಹೆ ನಿಂತದ್ದು ಇದರ ಮೇಲೆ.

ಮೊದಲು ಕೆಲಸದ ಪಟ್ಟಿ

ಅಂಗಡಿ, ಮಾಡೆಲ್ ಎಲ್ಲ ಆಮೇಲೆ, ಮೊದಲು ಒಂದು ಪುಸ್ತಕ ಇಟ್ಟುಕೋ ಅಂದೆ. ಅಪ್ಪನ ಹತ್ತಿರ ಕೂತಿರುವಾಗ ‘ಅಯ್ಯೋ, ಈಗ ಕಂಪ್ಯೂಟರ್ ಇದ್ದಿದ್ದರೆ’ ಅಂತ ಅನ್ನಿಸಿದಾಗಲೆಲ್ಲ, ಯಾವುದಕ್ಕೆ ಬೇಕಿತ್ತು ಅಂತ ಒಂದು ಸಾಲು ಬರೆಯಬೇಕು. ಅವಳು ಶ್ರದ್ಧೆಯಿಂದ ಬರೆದಳು.

ಅದರಲ್ಲಿ ಮುಕ್ಕಾಲು ಪಾಲು ಒಂದೇ ಬಗೆಯ ಕೆಲಸ. ಪಿಡಿಎಫ್ ಕರಡು ಓದುವುದು, ತಿದ್ದುಪಡಿ ಗುರುತು ಹಾಕುವುದು. ಲೇಖಕರಿಗೆ ಮೇಲ್ ಬರೆಯುವುದು. ವರ್ಡ್ ಫೈಲಿನಲ್ಲಿ ಬಂದ ಪಠ್ಯವನ್ನು ಪುಟಕ್ಕೆ ಹಾಕುವ ಮೊದಲು ಸ್ವಚ್ಛ ಮಾಡುವುದು. ವಿಡಿಯೋ ಕಾಲ್. ಬಿಲ್ ಬರೆಯುವುದು. ಇದರ ನಡುವೆ ಆಗಾಗ ಇನ್ನೊಂದು ಬಗೆಯ ಸಾಲು ಕಾಣುತ್ತಿತ್ತು: ‘112ನೇ ಪುಟದಲ್ಲಿ ಒಂದು ಹೆಸರು ತಪ್ಪಾಗಿದೆ, ಸರಿಮಾಡಿ ಮತ್ತೆ ಪಿಡಿಎಫ್ ಕಳಿಸಬೇಕು’. ಅಂದರೆ ವಿನ್ಯಾಸದ ಮೂಲ ಫೈಲನ್ನೇ ತೆರೆಯಬೇಕು, ಆದರೆ ಕೆಲಸ ಹತ್ತು ನಿಮಿಷದ್ದು. ಬಣ್ಣ ನೋಡಿ ನಿರ್ಧಾರ ಮಾಡುವ ಕೆಲಸ ಆ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಅದಕ್ಕೆ ಹೇಗಿದ್ದರೂ ಮಹಡಿ ಹತ್ತುವುದೇ ಸರಿ ಅಂತ ಅವಳಿಗೇ ಗೊತ್ತಿತ್ತು.

ಈ ಪಟ್ಟಿ ಕೈಗೆ ಬಂದ ಮೇಲೆ ಅರ್ಧ ಗೊಂದಲ ಕರಗಿತು. ಓದು, ಬರಹ, ಮಾತು ಇಷ್ಟನ್ನು ಲ್ಯಾಪ್‌ಟಾಪ್ ತಾನೇ ಮಾಡಬೇಕು. ಹತ್ತು ನಿಮಿಷದ ವಿನ್ಯಾಸದ ಕೆಲಸವನ್ನು ಮೇಲಿರುವ ಡೆಸ್ಕ್‌ಟಾಪ್ ಕೈಯಲ್ಲೇ ಮಾಡಿಸಬಹುದು. ಲ್ಯಾಪ್‌ಟಾಪ್ ಅದನ್ನು ತೋರಿಸುವ ಕಿಟಕಿ ಆದರೆ ಆಯಿತು.

ಜೋರಾದ ಲ್ಯಾಪ್‌ಟಾಪ್ ಯಾಕೆ ಬೇಡವಾಯಿತು

ಅಕ್ಕನ ಗೆಳತಿಯೊಬ್ಬರು ಗೇಮಿಂಗ್ ಲ್ಯಾಪ್‌ಟಾಪ್ ತಗೋ, ಎಲ್ಲ ಕೆಲಸವೂ ಅದರಲ್ಲೇ ಆಗುತ್ತೆ ಅಂದಿದ್ದರು. ಒಂದೇ ಯಂತ್ರ ಇಟ್ಟುಕೊಳ್ಳುವವರಿಗೆ ಅದು ಒಳ್ಳೆಯ ಸಲಹೆಯೇ. ಇವಳ ಮಟ್ಟಿಗೆ ಹೊಂದುತ್ತಿರಲಿಲ್ಲ. ಅಂಥ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ 2 ಕೆಜಿ ದಾಟುತ್ತವೆ, ಚಾರ್ಜರ್ ಭಾರ ಬೇರೆ. ಫ್ಯಾನ್ ಸದ್ದು ಜೋರು, ಮಲಗಿರುವವರ ಪಕ್ಕದಲ್ಲಿ ಅದು ಕಿರಿಕಿರಿ. ಪ್ಲಗ್ ಬಿಟ್ಟು ಬಳಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ. ಹೆಸರು ಒಂದೇ ಇದ್ದರೂ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ ಡೆಸ್ಕ್‌ಟಾಪ್ ಕಾರ್ಡಿಗಿಂತ ಕಡಿಮೆ ವ್ಯಾಟ್‌ನಲ್ಲಿ ಓಡುತ್ತದೆ, ಹಾಗಾಗಿ ವೇಗವೂ ಕಡಿಮೆ. ಅಷ್ಟು ಖರ್ಚು ಮಾಡಿದರೂ ಮೇಲಿರುವ ಯಂತ್ರದ ಸಮಕ್ಕೆ ಬರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಫಾಂಟ್‌ಗಳದ್ದು. ಅವಳ ಡೆಸ್ಕ್‌ಟಾಪ್‌ನಲ್ಲಿ ವರ್ಷಗಳಿಂದ ಕೂಡಿಸಿದ ಫಾಂಟ್‌ಗಳಿವೆ. ವಿನ್ಯಾಸದ ಫೈಲನ್ನು ಅದೇ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದರೆ ಬೇರೆ ಫಾಂಟ್ ಬಂದು ಕೂರುತ್ತದೆ. ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ಸಾಲು ಬೇರೆ ಕಡೆ ಮುರಿಯುತ್ತದೆ. ಒಂದು ಸಾಲು ಕೆಳಗಿಳಿದರೆ ಪ್ಯಾರಾ ಇಳಿಯುತ್ತದೆ, ಪ್ಯಾರಾ ಇಳಿದರೆ ಚಿತ್ರ ಮುಂದಿನ ಪುಟಕ್ಕೆ ಹೋಗುತ್ತದೆ. ಇನ್ನೂರು ಪುಟದ ಪುಸ್ತಕದಲ್ಲಿ ಇದು ಎಲ್ಲಿ ಆಗಿದೆ ಅಂತ ಹುಡುಕುವುದು ನರಕ. ಎರಡೂ ಕಡೆ ಒಂದೇ ಆವೃತ್ತಿಯ ಸಾಫ್ಟ್‌ವೇರ್, ಒಂದೇ ಫಾಂಟ್, ಒಂದೇ ಜಾಗದಲ್ಲಿ ಚಿತ್ರಗಳು ಅಂತ ನೋಡಿಕೊಳ್ಳುತ್ತಾ ಕೂರಬೇಕಾಗುತ್ತದೆ. ಕೆಲಸದ ಮೂಲ ಪ್ರತಿ ಒಂದೇ ಯಂತ್ರದಲ್ಲಿ ಇರಲಿ, ಅದನ್ನು ಒಂದೇ ಯಂತ್ರ ಮುಟ್ಟಲಿ ಅಂತ ನಾವಿಬ್ಬರೂ ಅಲ್ಲೇ ತೀರ್ಮಾನಿಸಿದೆವು.

ಟ್ಯಾಬ್ಲೆಟ್ ಮಾತೂ ಬಂತು. ಕರಡು ಓದಿ ಪೆನ್ನಿನಲ್ಲಿ ಗುರುತು ಹಾಕಲು ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಇವಳು ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡು ತುಂಬಾ ಟೈಪ್ ಮಾಡುವವಳು. ಅಂಟಿಸುವ ಕೀಬೋರ್ಡ್ ತೊಡೆಯ ಮೇಲೆ ಅಲುಗಾಡುತ್ತದೆ. ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್) ಬಗ್ಗೆ ಮಾತ್ರ ನಾನು ನಿಜವಾಗಿಯೂ ತಲೆ ಕೆಡಿಸಿಕೊಂಡೆ. ಕೆಲಸವೆಲ್ಲ ಬ್ರೌಸರ್ ಒಳಗೇ ಆಗುವವರಿಗೆ ಡೆಸ್ಕ್‌ಟಾಪ್ ಜೊತೆಗೆ ಅದು ಒಳ್ಳೆಯ ಜೋಡಿ. 2021ರಿಂದ ಈಚೆಗೆ ಬಂದ ಮಾಡೆಲ್‌ಗಳಿಗೆ ಗೂಗಲ್ ಹತ್ತು ವರ್ಷ ಅಪ್‌ಡೇಟ್ ಕೊಡುತ್ತದೆ. ಹತ್ತು ವರ್ಷ ಎಣಿಕೆಯಾಗುವುದು ನಾವು ಕೊಂಡ ದಿನದಿಂದ ಅಲ್ಲ, ಆ ಯಂತ್ರದ ತಳಹದಿ ಹೊರಬಂದಾಗಿನಿಂದ. ಹಳೆಯ ಸ್ಟಾಕ್ ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು. ಅಕ್ಕನಿಗೆ ಅದು ಆಗದೇ ಹೋದದ್ದು ಅವಳ ಬಿಲ್ಲಿನ ಸಾಫ್ಟ್‌ವೇರ್‌ನಿಂದ, ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ.

ಡಬ್ಬದ ಮೇಲಿನ ಅಕ್ಷರಗಳು

ಉಳಿದದ್ದು ಸಾದಾ ವಿಂಡೋಸ್ ಲ್ಯಾಪ್‌ಟಾಪ್. ಮೋಸಹೋಗುವ ಅವಕಾಶ ಇಲ್ಲೇ ಹೆಚ್ಚು. ಯಾಕೆಂದರೆ ‘ಬೇಸಿಕ್’ ಅಂತ ಮಾರುವ ಯಂತ್ರಗಳಲ್ಲಿ ಚೆನ್ನಾಗಿ ಆರೇಳು ವರ್ಷ ದುಡಿಯುವವೂ ಇವೆ, ಡಬ್ಬ ತೆರೆದ ದಿನವೇ ತಿಣುಕುವವೂ ಇವೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ರ‍್ಯಾಮ್ ಎಷ್ಟು ಬೇಕು ಅಂತ ಊಹೆ ಮಾಡಲಿಲ್ಲ, ಅಳೆದೆವು. ಡೆಸ್ಕ್‌ಟಾಪ್‌ನಲ್ಲೇ ಲ್ಯಾಪ್‌ಟಾಪ್ ಕೆಲಸಗಳನ್ನಷ್ಟೇ ತೆರೆದೆವು: ಬ್ರೌಸರ್, ಅದರಲ್ಲಿ ಅವಳು ಯಾವಾಗಲೂ ತೆರೆದಿಟ್ಟುಕೊಳ್ಳುವ ಟ್ಯಾಬ್‌ಗಳು, ಒಂದು ದೊಡ್ಡ ಪಿಡಿಎಫ್, ವರ್ಡ್, ಒಂದು ವಿಡಿಯೋ ಕಾಲ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ನೋಡಿದರೆ 9 ಜಿಬಿ ಹತ್ತಿರ ಇತ್ತು. ರ‍್ಯಾಮ್ ಜಾಸ್ತಿ ಇರುವ ಯಂತ್ರದಲ್ಲಿ ವಿಂಡೋಸ್ ಕೈ ಸಡಿಲ ಬಿಟ್ಟು ಬಳಸುತ್ತದೆ, ಹಾಗಾಗಿ ಇದೇ ಕೆಲಸ 8 ಜಿಬಿಯಲ್ಲೂ ಹೇಗೋ ಸಾಗುತ್ತದೆ. ಆದರೂ ಬಿಗಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಅದು ಅನುಸ್ಥಾಪನೆ ಆಗಲು ಬೇಕಾದ ಅಳತೆ. 4 ಜಿಬಿಯನ್ನು ಯಾರಿಗೂ ಹೇಳಬೇಡಿ. 8 ಇದ್ದು, ಮುಂದೆ ಹಾಕಿಸಲು ಖಾಲಿ ಸ್ಲಾಟ್ ಇದ್ದರೆ ಪರವಾಗಿಲ್ಲ. ಸ್ಲಾಟ್ ಇಲ್ಲದೆ ಬೋರ್ಡಿಗೇ ಬೆಸುಗೆ ಹಾಕಿದ್ದರೆ ಮೊದಲೇ 16 ತೆಗೆದುಕೊಳ್ಳಬೇಕು.

ಸ್ಟೋರೇಜ್ ವಿಷಯದಲ್ಲಿ ಗಾತ್ರಕ್ಕಿಂತ ಬಗೆ ಮುಖ್ಯ. ತೀರಾ ಕಡಿಮೆ ಬೆಲೆಯ ಯಂತ್ರಗಳಲ್ಲಿ ಇಎಂಎಂಸಿ ಅನ್ನುವ ಚಿಪ್ ಇರುತ್ತದೆ. ಅದು ಬೋರ್ಡಿಗೆ ಬೆಸೆದದ್ದು, ಬದಲಿಸಲು ಆಗುವುದಿಲ್ಲ. ಅದರ ಓದುವ ವೇಗ ಸೆಕೆಂಡಿಗೆ ಹೆಚ್ಚೆಂದರೆ 300 ಎಂಬಿ ಆಸುಪಾಸು. ಸಾಟಾ ಅನ್ನುವ ಹಳೆಯ ಜೋಡಣೆಯ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಡ್ರೈವ್) 550 ಎಂಬಿ ಹತ್ತಿರ ಹೋಗುತ್ತದೆ. ಅದಕ್ಕಿಂತ ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ 3,000 ದಾಟಬಲ್ಲದು. ದಿನಬಳಕೆಗೆ ಸಾಟಾಗೂ ಎನ್‌ವಿಎಂಇಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ. ಇಎಂಎಂಸಿಗೂ ಅವಕ್ಕೂ ಇರುವ ವ್ಯತ್ಯಾಸ ಮಾತ್ರ ಅಪ್‌ಡೇಟ್ ನಡೆಯುವ ಪ್ರತಿ ಸಲವೂ ಗೊತ್ತಾಗುತ್ತದೆ. ಗಾತ್ರ 256 ಜಿಬಿ ಸಾಕು ಅಂದೆ. ಹಳೆಯ ಪುಸ್ತಕಗಳ ಭಂಡಾರವೆಲ್ಲ ಡೆಸ್ಕ್‌ಟಾಪ್‌ನಲ್ಲಿದೆ, ಅದನ್ನು ಹೊತ್ತು ತಿರುಗುವುದು ಯಾಕೆ ಅಲ್ವಾ?

ಪ್ರೊಸೆಸರ್ ಹೆಸರುಗಳಲ್ಲಿ ತಲೆ ತಿರುಗುವಷ್ಟು ಗೋಜಲಿದೆ. ಒಂದು ಉದಾಹರಣೆ ಹೇಳಲೇಬೇಕು. ಎಎಂಡಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ಅಕ್ಕಪಕ್ಕದ ಹೆಸರುಗಳು. ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು. ಒಳಗಿನ ವಿನ್ಯಾಸವೂ ಬೇರೆ: ಮೊದಲನೆಯದು ಹಳೆಯ ಝೆನ್ 2, ಎರಡನೆಯದು ಅದರ ನಂತರದ ಝೆನ್ 3. ಈ 7000 ಸರಣಿಯಲ್ಲಿ ಅದನ್ನು ಹೇಳುವುದು ಮೂರನೆಯ ಅಂಕಿ. ‘7’ ನೋಡಿ ಹೊಸದು ಅಂತ ಕೊಳ್ಳುವವರಿಗೆ ಇದು ಹೇಗೆ ಗೊತ್ತಾಗಬೇಕು? ಇಂಟೆಲ್ ಕಡೆ 2023ರಿಂದ ಲ್ಯಾಪ್‌ಟಾಪ್‌ಗಳಲ್ಲಿ ಪೆಂಟಿಯಂ, ಸೆಲೆರಾನ್ ಹೆಸರುಗಳೇ ಹೋದವು. ಅವುಗಳ ಜಾಗಕ್ಕೆ ಬಂದ ಎನ್100 ನಾಲ್ಕು ಸಣ್ಣ ಕೋರ್‌ಗಳ, 6 ವ್ಯಾಟ್‌ನ ಚಿಪ್. ಓದು, ಬರಹ, ಮೇಲ್‌ಗೆ ಅದು ನಿಜವಾಗಿ ಸಾಕು. ಹಳೆಯ ಎರಡು ಕೋರ್‌ನ ಸೆಲೆರಾನ್ ಎನ್4020 ಈಗಲೂ ಅಲ್ಲಲ್ಲಿ ಮಾರಾಟಕ್ಕೆ ಸಿಗುತ್ತದೆ. ಅದನ್ನು ಕೊಳ್ಳಬೇಡಿ. ವಿಡಿಯೋ ಕಾಲ್ ನಡೆಯುವಾಗ ಜೊತೆಗೆ ಪಿಡಿಎಫ್ ತೆರೆದರೆ ಅದು ಏದುಸಿರು ಬಿಡುತ್ತದೆ.

ಎನ್‌ಪಿಯು (ಎಐ ಲೆಕ್ಕಕ್ಕೆಂದೇ ಇರುವ ಚಿಪ್ಪಿನ ಭಾಗ), ಎಐ ಪಿಸಿ ಅನ್ನುವ ಚೀಟಿಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಕನ ಪಟ್ಟಿಯ ಯಾವ ಕೆಲಸಕ್ಕೂ ಅದು ಬೇಕಾಗಿರಲಿಲ್ಲ.

ಕಣ್ಣು, ಬೆರಳು, ಬ್ಯಾಟರಿ

ವೇಗದಲ್ಲಿ ಉಳಿಸಿದ ದುಡ್ಡು ಇಲ್ಲಿಗೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡೆಸ್ಕ್‌ಟಾಪ್ ಎಷ್ಟೇ ಬಲಶಾಲಿಯಾದರೂ ಲ್ಯಾಪ್‌ಟಾಪ್‌ನ ಕೆಟ್ಟ ಸ್ಕ್ರೀನನ್ನು ಒಳ್ಳೆಯದು ಮಾಡಲಾರದು.

ಅಂಗಡಿಗೆ ಹೋಗುವಾಗ ಅಕ್ಕನ ಒಂದು ಕರಡು ಪಿಡಿಎಫ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡಿದ್ದೆವು. ಅಡಿಟಿಪ್ಪಣಿಗಳಿದ್ದ ಪುಸ್ತಕ, ಟಿಪ್ಪಣಿಯ ಅಕ್ಷರ 8 ಪಾಯಿಂಟ್. ಮೊದಲು 15.6 ಇಂಚಿನ, 1366×768 ಪಿಕ್ಸೆಲ್‌ನ ಒಂದು ಯಂತ್ರದಲ್ಲಿ ತೆರೆದೆವು. ಇಡೀ ಪುಟ ಕಾಣುವಂತೆ ಇಟ್ಟರೆ ಅಡಿಟಿಪ್ಪಣಿಯಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತಿದ್ದವು. ಕೆಳಗೆ ಇರುವುದು ತ ಒತ್ತೋ ನ ಒತ್ತೋ ತಿಳಿಯದು. ಕರಡು ತಿದ್ದುವವಳಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇಕೇ? ಅದೇ ಪುಟವನ್ನು ಪಕ್ಕದ 14 ಇಂಚಿನ, 1920×1080 ಸ್ಕ್ರೀನಿನಲ್ಲಿ ನೋಡಿದಾಗ ಸ್ಪಷ್ಟವಾಗಿ ಕಂಡಿತು. ಲೆಕ್ಕ ಸರಳ: ಮೊದಲನೆಯದರಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್, ಎರಡನೆಯದರಲ್ಲಿ 157. ಸ್ಕ್ರೀನ್ ದೊಡ್ಡದಾದಷ್ಟೂ ಓದಲು ಸುಲಭ ಅಂದುಕೊಂಡಿದ್ದ ಅಕ್ಕ ಅಲ್ಲಿಯೇ ಮನಸ್ಸು ಬದಲಿಸಿದಳು. 1920×1200ರ ಎತ್ತರದ ಸ್ಕ್ರೀನ್ ಸಿಕ್ಕಿದ್ದರೆ ಪುಟ ಓದಲು ಇನ್ನೂ ಚೆನ್ನ.

ಟಿಎನ್ ಅನ್ನುವ ಅಗ್ಗದ ಬಗೆಯ ಸ್ಕ್ರೀನ್ ಆದರೆ ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಬಾಗಿಸಿದರೂ ಬಣ್ಣ ತಿರುಗಿದಂತೆ ಕಾಣುತ್ತದೆ, ಐಪಿಎಸ್ ಬಗೆಯದರಲ್ಲಿ ಹಾಗಾಗುವುದಿಲ್ಲ. ತೊಡೆಯ ಮೇಲಿಟ್ಟು ಕೆಲಸ ಮಾಡುವವರಿಗೆ ಐಪಿಎಸ್ ಬೇಕೇಬೇಕು. ಬೆಳಕು 250 ನಿಟ್ಸ್ ಇದ್ದರೆ ಕೋಣೆಯೊಳಗೆ ಸಾಕು, ಕಿಟಕಿ ಪಕ್ಕ ಕೂರುವವರಿಗೆ 300 ಒಳ್ಳೆಯದು. ಸಾದಾ ಯಂತ್ರಗಳಲ್ಲಿ ‘45% ಎನ್‌ಟಿಎಸ್‌ಸಿ’ ಅಂತ ಬರೆದಿರುತ್ತಾರೆ. ಹಾಗೆಂದರೆ ಎಸ್‌ಆರ್‌ಜಿಬಿ ಅನ್ನುವ ಸಾಮಾನ್ಯ ಬಣ್ಣಗಳ ಗುಂಪಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಾತ್ರ ಕಾಣುತ್ತದೆ, ಕೆಂಪು ಪೇಲವವಾಗುತ್ತದೆ. ಮುಖಪುಟ ಮಾಡಲು ಇದು ಆಗದು. ಅಕ್ಕ ಆ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಮಾಡುವುದೇ ಇಲ್ಲವಾದ್ದರಿಂದ ಇದನ್ನು ಒಪ್ಪಿಕೊಂಡೆವು.

ಕೀಬೋರ್ಡ್ ನೋಡುವುದಕ್ಕೆ ಒಂದೇ ದಾರಿ, ಒಂದು ಪ್ಯಾರಾ ಟೈಪ್ ಮಾಡುವುದು. ನಿಂತುಕೊಂಡು ನಾಲ್ಕು ಕೀ ಒತ್ತಿದರೆ ಏನೂ ತಿಳಿಯದು. ಅಕ್ಕ ಕೂತು, ತೊಡೆಯ ಮೇಲಿಟ್ಟುಕೊಂಡು ಬರೆದಳು. ಒಂದು ಯಂತ್ರದಲ್ಲಿ ನಡುವಿನ ಕೀಗಳನ್ನು ಒತ್ತಿದಾಗ ಇಡೀ ತಟ್ಟೆ ಕೆಳಗೆ ಬಾಗುತ್ತಿತ್ತು. ಇನ್ನೊಂದರಲ್ಲಿ ಶಿಫ್ಟ್ ಕೀ ಅರ್ಧಕ್ಕೆ ಇಳಿಸಿದ್ದರು. ಕೈ ತಡವರಿಸಿತು.

ಬ್ಯಾಟರಿಗೆ ‘12 ಗಂಟೆ’, ‘15 ಗಂಟೆ’ ಅನ್ನುವ ಜಾಹೀರಾತಿನ ಮಾತು ಬಿಟ್ಟು ವ್ಯಾಟ್-ಅವರ್ ನೋಡಬೇಕು. ವ್ಯಾಟ್-ಅವರ್ ಅನ್ನು ಯಂತ್ರ ಎಳೆಯುವ ವ್ಯಾಟ್‌ನಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಇಂಥ ಯಂತ್ರ ಓದು ಬರಹದಲ್ಲಿ 6–7 ವ್ಯಾಟ್ ಎಳೆದರೆ 42 ವ್ಯಾಟ್-ಅವರ್ ಬ್ಯಾಟರಿ ಆರು ಗಂಟೆ ಬರುತ್ತದೆ. ವಿಡಿಯೋ ಕಾಲ್‌ನಲ್ಲಿ 14 ವ್ಯಾಟ್ ಎಳೆದರೆ ಅದೇ ಬ್ಯಾಟರಿ ಮೂರು ಗಂಟೆಗೆ ಮುಗಿಯುತ್ತದೆ. ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವುದನ್ನೂ ಕಡ್ಡಾಯ ಪಟ್ಟಿಗೆ ಸೇರಿಸಿದೆವು. ಆಗ ಒಂದು 65 ವ್ಯಾಟ್ ಚಾರ್ಜರ್ ಫೋನಿಗೂ ಲ್ಯಾಪ್‌ಟಾಪ್‌ಗೂ ಆಗುತ್ತದೆ, ಅಪ್ಪನ ಕೋಣೆಯಲ್ಲಿ ಒಂದು ಖಾಯಂ ಇಟ್ಟುಬಿಡಬಹುದು. ಯುಎಸ್‌ಬಿ-ಸಿ ತೂತು ಇದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆ ಅಂತಿಲ್ಲ. ಪವರ್ ಡೆಲಿವರಿ (ಯುಎಸ್‌ಬಿ-ಸಿಯಲ್ಲಿ ಹೆಚ್ಚು ವಿದ್ಯುತ್ ಹರಿಸುವ ವ್ಯವಸ್ಥೆ) ಇದೆಯೇ ಅಂತ ಕೇಳಬೇಕು, ಚಾರ್ಜರ್ ಚುಚ್ಚಿ ನೋಡಬೇಕು.

ಹೊಸದೋ, ಬಳಸಿದ್ದೋ

ಕೊನೆಗೆ ಎರಡು ಉಳಿದವು. ಒಂದು ಹೊಚ್ಚಹೊಸ, ಎನ್100 ಚಿಪ್‌ನ, 8 ಜಿಬಿ ರ‍್ಯಾಮಿನ ಯಂತ್ರ. ಇನ್ನೊಂದು ಒಂದು ಕಂಪನಿಯಲ್ಲಿ ಬಳಸಿ ಹೊರಬಂದ, ರೀಫರ್ಬಿಷ್ ಮಾಡಿದ 14 ಇಂಚಿನ ಬಿಸಿನೆಸ್ ಲ್ಯಾಪ್‌ಟಾಪ್: ಇಂಟೆಲ್ ಐ5-1135ಜಿ7, 16 ಜಿಬಿ ರ‍್ಯಾಮ್, 256 ಜಿಬಿ ಎನ್‌ವಿಎಂಇ, ಫುಲ್ ಎಚ್‌ಡಿ ಐಪಿಎಸ್ ಸ್ಕ್ರೀನ್, ತೂಕ 1.4 ಕೆಜಿ. ಬೆಲೆಯಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ.

ಹೊಸದಕ್ಕೆ ವಾರಂಟಿ ಪೂರ್ತಿ, ಬ್ಯಾಟರಿ ತಾಜಾ, ಫ್ಯಾನ್ ಇಲ್ಲದ್ದರಿಂದ ಸದ್ದೂ ಇಲ್ಲ. ಅದರ ಸ್ಕ್ರೀನ್ ಮತ್ತು ಕೀಬೋರ್ಡ್ ಮಾತ್ರ ಸೋತವು. ಬಿಸಿನೆಸ್ ಸಾಲಿನ ಯಂತ್ರಗಳನ್ನು ದಿನವಿಡೀ ಟೈಪ್ ಮಾಡುವವರಿಗೆ ಅಂತಲೇ ಮಾಡಿರುತ್ತಾರೆ. ಹಿಂಜ್ ಗಟ್ಟಿ, ತಳದ ಸ್ಕ್ರೂ ಬಿಚ್ಚಿ ಬ್ಯಾಟರಿ, ಎಸ್‌ಎಸ್‌ಡಿ ಬದಲಿಸಬಹುದು, ಬಿಡಿಭಾಗಗಳೂ ಸಿಗುತ್ತವೆ. ಎರಡನೇ ಯಂತ್ರ ಬೇಕಾದವರಿಗೆ ನಾನು ಇದನ್ನೇ ಹೆಚ್ಚು ಒಪ್ಪುತ್ತೇನೆ.

ಬಳಸಿದ ಯಂತ್ರ ಕೊಳ್ಳುವಾಗ ತಲೆಮಾರು ಒಂದನ್ನು ಮರೆಯಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಮತ್ತು ಇಂಟೆಲ್ ಆದರೆ ಕೆಲವು ಅಪವಾದ ಬಿಟ್ಟು ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು. ಆರು, ಏಳನೇ ತಲೆಮಾರಿನ ಒಳ್ಳೆಯ ಒಳ್ಳೆಯ ಯಂತ್ರಗಳು ಈಗ ಅಗ್ಗಕ್ಕೆ ಸಿಗುವುದಕ್ಕೆ ಇದೇ ಕಾರಣ. ಲಿನಕ್ಸ್ ಹಾಕಿಕೊಳ್ಳುವವರಿಗೆ ಅವು ಬಂಗಾರ. ವಿಂಡೋಸ್ ಬೇಕೇ ಬೇಕು ಅನ್ನುವವರು ಮುಟ್ಟಬಾರದು.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಕೂತು ಪರೀಕ್ಷೆ ಮಾಡಿದೆವು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಆಜ್ಞೆ ಕೊಟ್ಟು ಬ್ಯಾಟರಿ ರಿಪೋರ್ಟ್ ತೆಗೆದರೆ ಎರಡು ಅಂಕಿ ಸಿಗುತ್ತವೆ. ಹೊಸದಾಗಿದ್ದಾಗ ಬ್ಯಾಟರಿಯ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ತುಂಬಿದರೆ ಎಷ್ಟು. ಇದರಲ್ಲಿ 53 ವ್ಯಾಟ್-ಅವರ್ ಇದ್ದದ್ದು 42ಕ್ಕೆ ಇಳಿದಿತ್ತು, ಅಂದರೆ ಉಳಿದದ್ದು ಶೇ 79. ಆರು ಗಂಟೆ ಸಾಕಾದ್ದರಿಂದ ಒಪ್ಪಿದೆವು. ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಒಳಗೆ ಹೋಗಿ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿಲ್ಲ ಅಂತ ಖಚಿತ ಮಾಡಿಕೊಂಡೆವು, ಅದು ಉಳಿದಿದ್ದರೆ ತೆಗೆಸುವುದು ಬಲು ಕಷ್ಟ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸ್ಕ್ರೀನಿನಲ್ಲಿ ಸತ್ತ ಪಿಕ್ಸೆಲ್, ಕಲೆ ಇದೆಯಾ ನೋಡಿದೆವು. ಎರಡೂ ಯುಎಸ್‌ಬಿ-ಸಿಗೆ ಚಾರ್ಜರ್ ಚುಚ್ಚಿದೆವು. ಕ್ಯಾಮೆರಾ, ಮೈಕ್, ಪ್ರತಿಯೊಂದು ಕೀ. ಅಂಗಡಿಯವರು ತಾಳ್ಮೆಯಿಂದ ಸಹಕರಿಸಿದರು. ಸಹಕರಿಸದ ಕಡೆ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಎರಡನ್ನೂ ಜೋಡಿಸಿದ್ದು

ಲ್ಯಾಪ್‌ಟಾಪ್ ಮನೆಗೆ ಬಂದ ಮೇಲೆ ಎಷ್ಟೋ ಜನ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಪೆನ್‌ಡ್ರೈವ್‌ನಲ್ಲಿ ಫೈಲ್ ಓಡಾಡಿಸುತ್ತಾ, ‘ಅಂತಿಮ’, ‘ಅಂತಿಮ 2’, ‘ನಿಜವಾದ ಅಂತಿಮ’ ಅಂತ ಹೆಸರಿಡುತ್ತಾ ಕಾಲ ಕಳೆಯುತ್ತಾರೆ. ಎರಡು ಯಂತ್ರಗಳ ನಡುವಿನ ದಾರಿ ಸರಿಯಾಗದಿದ್ದರೆ ಯಾವ ಲ್ಯಾಪ್‌ಟಾಪ್ ಕೊಂಡರೂ ಅಷ್ಟೇ. ಆದ್ದರಿಂದ ಕೊಳ್ಳುವುದಕ್ಕೆ ಕೊಟ್ಟಷ್ಟೇ ಗಮನ ಇದಕ್ಕೂ ಕೊಟ್ಟೆವು.

ವಿನ್ಯಾಸದ ಫೈಲ್‌ಗಳಿಗೆ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಡೆಸ್ಕ್‌ಟಾಪ್‌ನ ಪರದೆಯನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ಅಲ್ಲಿಂದಲೇ ನಡೆಸುವುದು. ಮಹಡಿ ಮೇಲಿನ ಯಂತ್ರದಲ್ಲಿ ವಿಂಡೋಸ್ ಪ್ರೋ ಇತ್ತು, ಅದು ಮುಖ್ಯ. ವಿಂಡೋಸ್ ಹೋಮ್ ಇರುವ ಯಂತ್ರ ಇನ್ನೊಂದಕ್ಕೆ ಹೋಗಿ ನೋಡಬಲ್ಲದು, ತನ್ನೊಳಗೆ ಬರಲು ಬಿಡುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಹೋಮ್ ಇದ್ದರೂ ನಡೆಯುತ್ತದೆ, ಡೆಸ್ಕ್‌ಟಾಪ್‌ನಲ್ಲಿ ಪ್ರೋ ಬೇಕು. ಪ್ರೋ ಇಲ್ಲದವರು ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಅಥವಾ ರಸ್ಟ್‌ಡೆಸ್ಕ್ ಬಳಸಬಹುದು. ಅಕ್ಕ ಈಗ ಕೆಳಗೆ ಕೂತು 112ನೇ ಪುಟ ತೆರೆದು ಹೆಸರು ತಿದ್ದುತ್ತಾಳೆ. ಫಾಂಟೂ ಅದೇ, ಸಾಲೂ ಅಲ್ಲೇ, ಪಿಡಿಎಫ್ ಮಾಡುವುದೂ ಆ ಬಲವಾದ ಪ್ರೊಸೆಸರ್ರೇ.

ಇದು ಸರಾಗವಾಗಲು ಡೆಸ್ಕ್‌ಟಾಪ್‌ಗೆ ರೌಟರ್‌ನಿಂದ ವೈರ್ ಎಳೆದೆವು. ಲ್ಯಾಪ್‌ಟಾಪ್ ವೈಫೈಯಲ್ಲಿ 5 ಗಿಗಾಹರ್ಟ್ಸ್‌ಗೆ ಸೇರಿಸಿದೆವು. ಎರಡೂ ವೈಫೈ ಮೇಲಿದ್ದಾಗ ಮೌಸ್ ಕೈಗಿಂತ ಹಿಂದೆ ಬೀಳುತ್ತಿತ್ತು. ವೈರ್ ಬಂದ ಮೇಲೆ ಆ ತೊಂದರೆ ಹೋಯಿತು.

ಡೆಸ್ಕ್‌ಟಾಪ್ ದಿನವಿಡೀ ಆನ್ ಇರಬೇಕಾ ಅಂತ ಅಕ್ಕ ಕೇಳಿದಳು. ಬೇಡ, ಸ್ಲೀಪ್‌ನಲ್ಲಿದ್ದರೆ ಸಾಕು. ವೇಕ್-ಆನ್-ಲ್ಯಾನ್ ಅನ್ನುವ ವ್ಯವಸ್ಥೆ ಇದೆ. ಲ್ಯಾಪ್‌ಟಾಪ್‌ನಿಂದ ಒಂದು ಸಣ್ಣ ಪ್ಯಾಕೆಟ್ ಹೋಗುತ್ತದೆ. ಅದರೊಳಗೆ ಮೊದಲು ಒಂದೇ ಬಗೆಯ ಆರು ಬೈಟ್, ಆಮೇಲೆ ಡೆಸ್ಕ್‌ಟಾಪ್‌ನ ನೆಟ್‌ವರ್ಕ್ ವಿಳಾಸ ಹದಿನಾರು ಸಲ, ಒಟ್ಟು 102 ಬೈಟ್. ಮಲಗಿರುವ ಯಂತ್ರದ ನೆಟ್‌ವರ್ಕ್ ಕಾರ್ಡ್ ಮಾತ್ರ ಎಚ್ಚರವಿರುತ್ತದೆ. ತನ್ನ ವಿಳಾಸ ಕೇಳಿದೊಡನೆ ಯಂತ್ರವನ್ನು ಎಬ್ಬಿಸುತ್ತದೆ. ಬಯೋಸ್‌ನಲ್ಲೂ ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲೂ ಇದನ್ನು ಆನ್ ಮಾಡಬೇಕು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದರೆ ಕಿರಿಕಿರಿ ಕಡಿಮೆ.

ಓದುವ ಪಿಡಿಎಫ್, ವರ್ಡ್ ಫೈಲ್‌ಗಳ ದಾರಿ ಬೇರೆ. ಅವು ಲ್ಯಾಪ್‌ಟಾಪ್‌ನಲ್ಲೇ ಇರಬೇಕು, ಹೊರಗೆ ಹೋದಾಗಲೂ ಸಿಗಬೇಕು. ಅದಕ್ಕೆ ಒಂದೇ ಒಂದು ಫೋಲ್ಡರ್ ಮಾಡಿ, ಅದನ್ನು ಎರಡೂ ಕಡೆ ಒಂದೇ ಥರ ಇಡುವ ಸಿಂಕ್‌ಥಿಂಗ್ ಹಾಕಿದೆವು. ಇದು ಉಚಿತ, ನಡುವೆ ಯಾರ ಸರ್ವರ್‌ನಲ್ಲೂ ಫೈಲ್ ಕೂರುವುದಿಲ್ಲ, ಎರಡು ಯಂತ್ರ ನೇರವಾಗಿ ಮಾತಾಡಿಕೊಳ್ಳುತ್ತವೆ. ನೇರವಾಗಿ ಮಾತಾಡುವುದರಿಂದಲೇ ಒಂದು ಕಟ್ಟುಪಾಡೂ ಇದೆ: ಎರಡೂ ಒಟ್ಟಿಗೆ ಎಚ್ಚರವಿದ್ದಾಗ ಮಾತ್ರ ಫೈಲ್ ದಾಟುತ್ತದೆ. ಒಂದೇ ಫೈಲನ್ನು ಎರಡೂ ಕಡೆ ಬದಲಿಸಿದರೆ ‘ಸಿಂಕ್-ಕಾನ್‌ಫ್ಲಿಕ್ಟ್’ ಅನ್ನುವ ಹೆಸರಿನಲ್ಲಿ ಇನ್ನೊಂದು ಪ್ರತಿ ಹುಟ್ಟುತ್ತದೆ. ಹೊರಗೆ ಹೊರಡುವ ಮೊದಲು ಡೆಸ್ಕ್‌ಟಾಪ್ ಎಬ್ಬಿಸಿ, ಹಸಿರು ಗುರುತು ಬಂದ ಮೇಲೆ ಲ್ಯಾಪ್‌ಟಾಪ್ ಮುಚ್ಚುವುದು ಅಕ್ಕನಿಗೆ ರೂಢಿಯಾಗಿದೆ. ಸಿಂಕ್ ಇದೆ ಅಂತ ಬ್ಯಾಕಪ್ ಬಿಡಬಾರದು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಸಿಹೋಗುತ್ತದೆ. ಡೆಸ್ಕ್‌ಟಾಪ್‌ಗೆ ಮೊದಲಿನಿಂದಲೂ ಇದ್ದ ಹೊರಗಿನ ಹಾರ್ಡ್ ಡಿಸ್ಕ್ ಬ್ಯಾಕಪ್ ಹಾಗೇ ಮುಂದುವರಿದಿದೆ.

ಮನೆಯ ಹೊರಗಿನಿಂದ ಡೆಸ್ಕ್‌ಟಾಪ್‌ಗೆ ಬರಲು ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟ್ (ಒಳಬರುವ ಬಾಗಿಲು) ತೆರೆದುಬಿಡಿ ಅಂತ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಆ ಪೋರ್ಟ್ ತೆರೆದಿರುವ ಯಂತ್ರಗಳನ್ನೇ ಹುಡುಕುತ್ತಾ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಇಂಟರ್‌ನೆಟ್ ತುಂಬ ಓಡಾಡುತ್ತಿರುತ್ತವೆ. ನಾವು ಟೇಲ್‌ಸ್ಕೇಲ್ ಹಾಕಿದೆವು. ಅದು ವೈರ್‌ಗಾರ್ಡ್ ಅನ್ನುವ ಗೂಢಲಿಪಿ ತಂತ್ರದ ಮೇಲೆ ಕಟ್ಟಿದ ಖಾಸಗಿ ಜಾಲ, ರೌಟರ್‌ನಲ್ಲಿ ಏನನ್ನೂ ತೆರೆಯಬೇಕಾಗಿಲ್ಲ. ಎಬ್ಬಿಸುವ ಪ್ಯಾಕೆಟ್ ಮಾತ್ರ ಈ ಜಾಲದಲ್ಲಿ ಹಾದುಬರುವುದಿಲ್ಲ. ಆದ್ದರಿಂದ ಹೊರಗೆ ಕೆಲಸ ಇರುವ ದಿನ ಡೆಸ್ಕ್‌ಟಾಪ್ ಆನ್ ಇಟ್ಟೇ ಹೋಗುತ್ತಾಳೆ.

ಲ್ಯಾಪ್‌ಟಾಪ್ ಕಳೆದುಹೋಗಬಹುದಾದ ವಸ್ತು. ಡೆಸ್ಕ್‌ಟಾಪ್‌ಗೆ ಇಲ್ಲದ ಭಯ ಇದು. ಮೊದಲ ದಿನವೇ ಡ್ರೈವ್ ಎನ್‌ಕ್ರಿಪ್ಷನ್ ಆನ್ ಮಾಡಿ, ರಿಕವರಿ ಕೀ ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟೆವು. ಲೇಖಕರ ಅಚ್ಚಾಗದ ಹಸ್ತಪ್ರತಿ ಅದರಲ್ಲಿರುತ್ತದೆ, ಅದು ಬೇರೆಯವರ ಸೊತ್ತು.

ಬಳಕೆಗೆ ಬಂದ ಮೇಲೆ

ಕೆಲವು ತಿಂಗಳಾಗಿವೆ. ಅಕ್ಕ ಹಗಲಿನ ಓದು ಬರಹವನ್ನೆಲ್ಲ ಕೆಳಗೆ ಅಪ್ಪನ ಪಕ್ಕದಲ್ಲೇ ಮುಗಿಸುತ್ತಾಳೆ. ಮುಖಪುಟ, ಚಿತ್ರ, ಹೊಸ ಪುಸ್ತಕದ ಮೊದಲ ವಿನ್ಯಾಸಕ್ಕೆ ಸಂಜೆ ಮೇಲೆ ಹೋಗುತ್ತಾಳೆ. ಈ ನಡುವೆ ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಕೆಟ್ಟಿತು. ಹೊಸದು ಬರುವವರೆಗೂ ಮೇಲ್, ಕರಡು, ಬಿಲ್ ಎಲ್ಲ ಲ್ಯಾಪ್‌ಟಾಪ್‌ನಲ್ಲೇ ನಡೆಯಿತು. ಕೊಳ್ಳುವಾಗ ನಾವು ಯೋಚಿಸಿರದ ಉಪಯೋಗ ಇದು. ಆದರೆ ವಿನ್ಯಾಸದ ಕೆಲಸ ಪೂರ್ತಿ ನಿಂತಿತ್ತು. ಮೂಲ ಪ್ರತಿ ಒಂದೇ ಯಂತ್ರದಲ್ಲಿಡುವ ತೀರ್ಮಾನದ ಬೆಲೆ ಅದು. ಅಕ್ಕನ ಕೆಲಸಕ್ಕೆ ಒಂದೆರಡು ದಿನ ತಡವಾದರೆ ನಡೆಯುತ್ತದೆ. ದಿನಪತ್ರಿಕೆಯ ಪುಟ ಮಾಡುವವರಿಗೆ ನಡೆಯದು, ಅಂಥವರು ಇದೇ ಲೆಕ್ಕ ಹಾಕಿದರೆ ಬೇರೆಯದೇ ಉತ್ತರ ಬರುತ್ತದೆ.

ಕೊರತೆಗಳೂ ಇವೆ. ವಿಡಿಯೋ ಕಾಲ್ ಉದ್ದವಾದರೆ ಫ್ಯಾನ್ ಸದ್ದು ಶುರುವಾಗುತ್ತದೆ. ರಿಮೋಟ್‌ನಲ್ಲಿ ಎರಡು ಮಾನಿಟರ್‌ನ ಜಾಗವನ್ನು 14 ಇಂಚಿನಲ್ಲಿ ನೋಡುವಾಗ ಮೆನುಗಳು ಸಣ್ಣದಾಗಿ ಕಂಡವು. ಸ್ಕೇಲಿಂಗ್ 125ಕ್ಕೆ ಏರಿಸಿ, ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಬೇಡದ ಪಟ್ಟಿಗಳನ್ನು ಮುಚ್ಚಿ ಒಂದು ಪ್ರತ್ಯೇಕ ಹೊಂದಿಕೆ ಉಳಿಸಿಕೊಂಡಳು, ಈಗ ಪರವಾಗಿಲ್ಲ. ಸದಾ ಪ್ಲಗ್‌ನಲ್ಲೇ ಇರುವುದರಿಂದ ಚಾರ್ಜ್ ಶೇ 80ಕ್ಕೆ ನಿಲ್ಲುವಂತೆ ಮಾಡಿದ್ದೇವೆ. ಪೂರ್ತಿ ತುಂಬಿದ ಸ್ಥಿತಿಯಲ್ಲೇ ಬಿಸಿಯಾಗಿ ಕೂತರೆ ಲಿಥಿಯಂ-ಅಯಾನ್ ಬ್ಯಾಟರಿ ಬೇಗ ಸವೆಯುತ್ತದೆ. ಹೊರಗೆ ಹೋಗುವ ಹಿಂದಿನ ರಾತ್ರಿ ಮಾತ್ರ ಆ ಮಿತಿ ತೆಗೆದು ಪೂರ್ತಿ ತುಂಬಿಸುತ್ತಾಳೆ.

ಮುಂದಿನ ಖರ್ಚು ಬ್ಯಾಟರಿಯೇ ಇರಬಹುದು. ರಿಪೋರ್ಟ್‌ನಲ್ಲಿ ಸಾಮರ್ಥ್ಯ 35 ವ್ಯಾಟ್-ಅವರ್‌ಗೆ ಇಳಿದಾಗ ಬದಲಿಸುವುದು ಅಂತ ಮಾತಾಡಿಕೊಂಡಿದ್ದೇವೆ, ಯಾಕೆಂದರೆ ಅದಕ್ಕಿಂತ ಕೆಳಗೆ ಹೋದರೆ ಒಬ್ಬ ಲೇಖಕರ ಜೊತೆ ಅರ್ಧ ದಿನ ಕೂತು ಕರಡು ನೋಡುವಾಗ ಚಾರ್ಜರ್ ಹುಡುಕಬೇಕಾಗುತ್ತದೆ. ತಳದ ಸ್ಕ್ರೂಗಳು ಸಾಮಾನ್ಯ ಫಿಲಿಪ್ಸ್, ಬ್ಯಾಟರಿಯ ಭಾಗದ ಸಂಖ್ಯೆಯನ್ನು ಅಕ್ಕ ಆಗಲೇ ಬರೆದಿಟ್ಟುಕೊಂಡಿದ್ದಾಳೆ.